ಗೋಡೆಗೆ ಮುಖ ಮಾಡಿದ್ದ ದೇವರು

ಜುಗೂಳದ ನಮ್ಮ ಮನೆಯ ದೇವರ ಗೂಡಿನಲ್ಲಿ ಗೇಣುದ್ದದ ಹಿತ್ತಾಳೆ ಮೂರ್ತಿಯೊಂದಿತ್ತು. ಅದಕ್ಕೆ ಮೂರು ಮುಖ. ನರಸೋಬವಾಡಿಯ ದತ್ತಕ್ಷೇತ್ರಕ್ಕೆ ನಡೆದುಕೊಳ್ಳುವ ನಮ್ಮೂರಲ್ಲಿ ಮೂರು ಮುಖ ಎಂದರೆ ದತ್ತನೇ. ಗಂಡನ ಅಜ್ಜ ಅದನ್ನು ಬೀಳದಿರಲೆಂದು ಗೋಡೆಗೆ ಒತ್ತಿ ಸಿಮೆಂಟು ಮೆತ್ತಿದ್ದರಂತೆ. ಎದೆಯ ಮೇಲಿನದು ಹಾರ, ಕಾಲಬುಡದ ಸವೆದ ಪ್ರಾಣಿ ನಾಯಿ ಎಂದು ಎಲ್ಲರೂ ನಂಬಿದ್ದರು. ಹೊಸ ಸೊಸೆಯಾಗಿ ಬಂದಾಗ ನಾನು ಸುಮ್ಮನಿರದೆ, "ಅತ್ತಿ, ದತ್ತಗ ಆರು ಕೈ ಇರಬೇಕಲ್ರಿ? ಇದಕ್ಕ ನಾಕ ಅದಾವ," ಎಂದಿದ್ದೆ.

"ಉಳದ ಎರಡು ಗ್ವಾಡ್ಯಾಗ ಅದಾವ. ನೀ ಹೂ ಏರಸು," ಎಂದಿದ್ದರು ಅತ್ತೆ.

ಅವರಿಗೆ ಮದುವೆಯಾಗಿ ಏಳು ವರ್ಷ ಮಕ್ಕಳಿರಲಿಲ್ಲ. ಈ ಮೂರ್ತಿಯ ಮುಂದೆ ಸೆರಗೊಡ್ಡಿ ಬೇಡಿಕೊಂಡ ಮೇಲೆಯೇ ನನ್ನ ಗಂಡ ಹುಟ್ಟಿದ್ದು. ದತ್ತನ ವಾರವೆಂದು ಅಂದಿನಿಂದ ಐವತ್ತು ವರ್ಷ ಒಂದು ಗುರುವಾರವೂ ಅವರು ಉಪವಾಸ ಬಿಟ್ಟಿಲ್ಲ.

ಹೋದ ವರ್ಷ ದೇವರ ಕೋಣೆಗೆ ಟೈಲ್ಸ್ ಹಾಕಿಸಲು ಗೋಡೆ ಕೆತ್ತಿಸಿದೆವು. ಗೌಂಡಿ ಮೂರ್ತಿಯನ್ನು ಬಿಡಿಸಿ ತಿರುಗಿಸಿದವನೇ, "ಆಯಿ, ಹಿಂದ ಇನ್ನೊಂದ ಮಾರಿ ಐತ್ರಿ!" ಎಂದ.

ನಾಲ್ಕು ಮುಖ ಎಂದರೆ ಬ್ರಹ್ಮ. ನನಗೆ ನಗು ತಡೆಯಲಾಗಲಿಲ್ಲ. ಆದರೆ ಅತ್ತೆಯ ಮುಖ ನೋಡಿ ನಗು ಅಲ್ಲೇ ಉಡುಗಿತು. "ಹಂಗಾರ ನಾ ಬೇಡಿದ್ದು ಯಾರಿಗೆ ಮುಟ್ಟೇತಿ? ಮಗನ್ನ ಕೊಟ್ಟಾಂವಗ ಒಂದು ದೀಪಾನೂ ಹಚ್ಚಲಿಲ್ಲೇನ ನಾ?" ಎಂದರು. ಮುಂದಿನ ಗುರುವಾರ ಉಪವಾಸವಿದ್ದರು, ದೀಪ ಮಾತ್ರ ಹಚ್ಚಲಿಲ್ಲ. ಯಾರಿಗೆ ಹಚ್ಚಲಿ ಎಂದರು. ನನಗೆ ಸಂಕಟವಾಯಿತು.

ಹಿತ್ತಲಲ್ಲಿ ಕೂತು ಮೂರ್ತಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದೆ. ಹಾರ ಎಂದುಕೊಂಡಿದ್ದು ಗಡ್ಡ, ನಾಯಿ ಎಂದುಕೊಂಡಿದ್ದು ಹಂಸ. ಒಂದು ಕೈಯಲ್ಲಿ ಹೊತ್ತಿಗೆ, ಒಂದರಲ್ಲಿ ಜಪಮಾಲೆ, ಒಂದರಲ್ಲಿ ಕಮಂಡಲು, ಇನ್ನೊಂದರಲ್ಲಿ ಹೋಮದ ಸೌಟು. ಯಾವ ಕೈಯಲ್ಲೂ ಆಯುಧವಿಲ್ಲ. ಇಷ್ಟು ಸಾಧು ದೇವರನ್ನು ಗೋಡೆಗೆ ಮೆತ್ತಿದ್ದೆವಲ್ಲ ಎಂದು ನಾಚಿಕೆಯಾಯಿತು.

ಅತ್ತೆ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತರು. "ನಮ್ಮಂಗ ಸೌಟು ಹಿಡದಾನಲ್ಲ?" ಎಂದು ಅದರ ಮೇಲೆ ಬೆರಳಾಡಿಸಿದರು. ಆಮೇಲೆ, "ಈ ಬ್ರಹ್ಮ ಮಾಡೋದರ ಏನ?" ಎಂದು ಕೇಳಿದರು.

"ಹುಟ್ಟಸ್ತಾನ್ರಿ ಅತ್ತಿ. ಅದೊಂದ ಅವನ ಕೆಲಸ."

ಆಚೆ ನನ್ನ ಗಂಡ ಅರ್ಧ ನರೆತ ತಲೆಗೆ ಟವೆಲ್ ಸುತ್ತಿ ಎಮ್ಮೆ ಮೈ ತೊಳೆಯುತ್ತಿದ್ದರು. ಅತ್ತೆ ಮಗನನ್ನೇ ನೋಡುತ್ತ ಕೂತರು. ನೋಡುತ್ತ ನೋಡುತ್ತ ಅವರ ಮುಖ ಅರಳಿತು. ನನ್ನ ಕೈಯಿಂದ ಹುಣಸೆಹಣ್ಣು ಕಸಿದುಕೊಂಡು, "ಸರಕೊ, ನಿನಗ ತಿಕ್ಕಾಕ ಬರಂಗಿಲ್ಲ," ಎಂದರು. ಬೈಗುಳ ಕೇಳಿ ನನಗೆ ಸಮಾಧಾನವಾಯಿತು.

ಈಗ ಮೂರ್ತಿ ಕೋಣೆಯ ನಟ್ಟನಡುವೆ ಮಣೆಯ ಮೇಲಿದೆ. ಗುರುವಾರದ ಉಪವಾಸವೂ ನಿಂತಿಲ್ಲ. ಅತ್ತೆ ಮೊಣಕಾಲಿಗೆ ಶಾಪ ಹಾಕುತ್ತ ಸುತ್ತಲೂ ತಿರುಗಿ ಆರತಿ ಬೆಳಗುತ್ತಾರೆ. ಕುಂಕುಮ ಮಾತ್ರ ಮೊದಲು ಹಿಂದಿನ ಮುಖಕ್ಕೆ. ಅದನ್ನು ಹಚ್ಚುವಾಗ ನನಗೆ ಕೇಳದಂತೆ ಪಿಸುಗುಡುತ್ತಾರೆ, ಆದರೂ ಕೇಳುತ್ತದೆ:

"ಗ್ವಾಡಿ ನೋಡ್ಕೋತ ಕುಂತಿದ್ದಿ, ನನ್ನಪ್ಪ. ಆದ್ರೂ ನನ್ನ ಮಾತ ಕೇಳಿದಿ."