ದೆಸ್ಪಿನಾ ಆಡುತ್ತಿದ್ದ ಭಾಷೆ

೨೦೧೭ರ ಫೆಬ್ರವರಿಯಲ್ಲಿ ನಾನು ಡಲ್ಲಾಸ್ ನಗರದ ಉತ್ತರಕ್ಕಿರುವ ಒಂದು ರಿಹ್ಯಾಬ್ ಆಸ್ಪತ್ರೆಯಲ್ಲಿ ಹಿರಿಯ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಮೈಸೂರಿನಲ್ಲಿ ಓದು ಮುಗಿಸಿ ಈ ದೇಶಕ್ಕೆ ಬಂದು, ಆ ಹೊತ್ತಿಗೆ ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದ್ದೆ. ಸ್ಪೀಚ್ ಥೆರಪಿಸ್ಟ್ ಎಂದರೆ ತೊದಲುವ ಮಕ್ಕಳಿಗೆ ಪಾಠ ಹೇಳುವವರು ಎಂದೇ ಹೆಚ್ಚಿನವರ ಎಣಿಕೆ. ಆಸ್ಪತ್ರೆಯಲ್ಲಿ ನಮ್ಮ ಕೆಲಸ ಬೇರೆ. ಸ್ಟ್ರೋಕ್ ಆದವರಿಗೆ ಎಷ್ಟು ಮಾತು ಉಳಿದಿದೆ, ಎಷ್ಟು ಅರ್ಥವಾಗುತ್ತದೆ, ನುಂಗಿದ್ದು ಶ್ವಾಸಕೋಶಕ್ಕೆ ಇಳಿಯದೆ ಹೊಟ್ಟೆಗೆ ಹೋಗುತ್ತದೆಯೇ ಎಂದು ಪರೀಕ್ಷಿಸಿ ವರದಿ ಬರೆಯುತ್ತೇವೆ. ಆ ವರದಿಯನ್ನು ನೋಡಿಕೊಂಡು ವೈದ್ಯರು ಮುಂದಿನದನ್ನು ನಿರ್ಧರಿಸುತ್ತಾರೆ. ಒಂದು ತಪ್ಪು ವರದಿ ಮನುಷ್ಯರನ್ನು ಯಾವ ಸ್ಥಿತಿಗೆ ತರಬಲ್ಲದು ಎಂದು ನಾನು ಕಂಡದ್ದು ದೆಸ್ಪಿನಾ ಎಂಬ ಗ್ರೀಕ್ ಹೆಂಗಸಿನ ವಿಷಯದಲ್ಲಿ. ಆ ವರದಿ ಬರೆದವಳು ನಾನೇ.

ಅವರಿಗೆ ಎಪ್ಪತ್ತನಾಲ್ಕು ವರ್ಷ. ಅಥೆನ್ಸ್ ಪಕ್ಕದ ಬಂದರು ಪಿರೇಯಸ್‌ನಲ್ಲಿ ಹೈಸ್ಕೂಲು ಮಕ್ಕಳಿಗೆ ಸಾಹಿತ್ಯ ಪಾಠ ಹೇಳಿ ನಿವೃತ್ತರಾದವರು. ಮಗ ಲಾಜರೋಸ್ ಅಲ್ಲಿ ಸೇತುವೆಗಳ ನಕ್ಷೆ ಮಾಡುತ್ತಿದ್ದ ಸಿವಿಲ್ ಎಂಜಿನಿಯರ್. ಗ್ರೀಸಿನ ಆರ್ಥಿಕ ಬಿಕ್ಕಟ್ಟಿನಲ್ಲಿ ಕಟ್ಟುವ ಕೆಲಸಗಳೆಲ್ಲ ನಿಂತುಹೋಗಿ ಅವನು ಟೆಕ್ಸಾಸಿಗೆ ಬಂದಿದ್ದ. ವಿಮಾನ ನಿಲ್ದಾಣದ ಪಕ್ಕದ ಯೂಲೆಸ್‌ನಲ್ಲಿ ಬಾಡಿಗೆ ಮನೆ. ಒಂದು ಗೋದಾಮಿನಲ್ಲಿ ಕಾರ್ಗೋ ಇಳಿಸುವ ಕೆಲಸ. ೨೦೧೫ರ ಬೇಸಿಗೆಯಲ್ಲಿ ಗ್ರೀಸಿನ ಬ್ಯಾಂಕುಗಳು ಮೂರು ವಾರ ಬಾಗಿಲು ಹಾಕಿದಾಗ ಹೆದರಿ, ತಾಯಿಯನ್ನು ಬಲವಂತದಿಂದ ಕರೆಸಿಕೊಂಡ. ಬರುವಾಗ ಅವರು ಒಂದು ಸೂಟ್‌ಕೇಸಿನಲ್ಲಿ ಬಟ್ಟೆ, ಇನ್ನೊಂದರ ತುಂಬ ಕೈಬರಹದ ನೋಟ್‌ಬುಕ್ ತಂದಿದ್ದರಂತೆ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಮಿದುಳಿನ ಎಡಭಾಗದಲ್ಲಿ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಎರಡು ವಾರದ ನಂತರ ನಮ್ಮಲ್ಲಿಗೆ ಬಂದರು.

ಮೊದಲ ದಿನ ನಾನು ನಿಯಮದ ಪ್ರಕಾರವೇ ಪರೀಕ್ಷೆ ಮಾಡಿದೆ. ಅವರು ಕಲಿತಿದ್ದ ಇಂಗ್ಲಿಷ್ ಪೂರ್ತಿ ಅಳಿಸಿಹೋಗಿತ್ತು. ಫೋನಿನಲ್ಲಿ ಗ್ರೀಕ್ ದುಭಾಷಿಯೊಬ್ಬಳನ್ನು ಕೂರಿಸಿಕೊಂಡು ಕೇಳಿದೆ. ಕಣ್ಣು ಮುಚ್ಚಿ, ಪೆನ್ನು ತೋರಿಸಿ, ಬಾಯಿ ತೆರೆಯಿರಿ. ಯಾವುದಕ್ಕೂ ಸರಿಯಾದ ಪ್ರತಿಕ್ರಿಯೆ ಇಲ್ಲ. ಆದರೆ ಮಾತು ನಿಲ್ಲುತ್ತಲೇ ಇರಲಿಲ್ಲ. ನನ್ನ ಮುಖ ನೋಡಿಕೊಂಡು, ಎಡಗೈ ಎತ್ತಿ ಎತ್ತಿ ಏನನ್ನೋ ಹೇಳುತ್ತಿದ್ದರು. ದುಭಾಷಿ ಸ್ವಲ್ಪ ಹೊತ್ತು ಕೇಳಿ, "ಸಾರಿ, ಇದು ಗ್ರೀಕ್ ಅಲ್ಲ. ಗ್ರೀಕ್ ಥರ ಕೇಳತ್ತೆ, ಆದ್ರೆ ಬರೀ ಶಬ್ದ," ಎಂದಳು.

ಮಿದುಳಿಗೆ ಪೆಟ್ಟಾದವರಲ್ಲಿ ಕೆಲವರು ಹೀಗೆ ಮಾತಾಡುತ್ತಾರೆ. ಏರಿಳಿತವೆಲ್ಲ ಮಾತಿನದೇ, ಒಳಗೆ ಪದಗಳಿರುವುದಿಲ್ಲ. ಇದಕ್ಕೆ ಜಾರ್ಗನ್ ಅಫೇಸಿಯಾ ಎನ್ನುತ್ತೇವೆ. ಎಷ್ಟೋ ಜನರಲ್ಲಿ ನೋಡಿದ್ದೆ. ಹಾಸಿಗೆಯ ಆಚೆ ನಿಂತಿದ್ದ ಲಾಜರೋಸ್ ಅಳುಕುತ್ತಲೇ, "ನಂಗೆ ಎಲ್ಲೋ ಕೇಳಿದ ಹಾಗಿದೆ," ಎಂದ. ಮನೆಯವರಿಗೆ ಹಾಗನ್ನಿಸುವುದು ಸಹಜ. ಪ್ರೀತಿಯ ಕಿವಿ ಇಲ್ಲದ ಅರ್ಥವನ್ನೂ ಹುಡುಕುತ್ತದೆ. ಅವನಿಗೆ ಸಮಾಧಾನದ ಎರಡು ಮಾತು ಹೇಳಿ ಕಳಿಸಿದೆ. ಅವನ ಆ ವಾಕ್ಯವನ್ನು ಬರೆದುಕೊಳ್ಳಲಿಲ್ಲ. ವರದಿಯಲ್ಲಿ ಬರೆದದ್ದು ಇಷ್ಟು: ಮಾತು ಅರ್ಥಹೀನ, ಸೂಚನೆ ಗ್ರಹಿಸಲಾರರು, ನುಂಗುವ ಪರೀಕ್ಷೆಗೆ ಸಹಕರಿಸಲಾರರು, ಬಾಯಿಂದ ಆಹಾರ ಸುರಕ್ಷಿತವಲ್ಲ, ಸ್ವಂತ ತೀರ್ಮಾನ ಮಾಡುವ ಸ್ಥಿತಿಯಲ್ಲಿಲ್ಲ.

ಅಂದೇ ಮೂಗಿನ ಮೂಲಕ ಹೊಟ್ಟೆಗೆ ನಳಿಕೆ ಇಳಿಸಿದರು. ಅವರು ಎಡಗೈಯಿಂದ ಅದನ್ನು ಕಿತ್ತು ಎಸೆದರು. ಮತ್ತೆ ಹಾಕಿದರು, ಮತ್ತೆ ಕಿತ್ತರು. ಆ ರಾತ್ರಿಯೇ ಮೂರನೆಯ ಸಲ ಹಾಕಿ ಎಡಗೈಗೆ ಮಿಟ್ ತೊಡಿಸಿದರು. ಮಿಟ್ ಎಂದರೆ ದಪ್ಪ ಹತ್ತಿಯ ಕೈಗವಸು; ಬೆರಳು ಮಡಿಸಲು ಬಾರದಂತೆ ಮಣಿಕಟ್ಟಿನಲ್ಲಿ ಬಿಗಿದು ಕಟ್ಟುತ್ತಾರೆ. ಬಲಗೈ ಬಿದ್ದಿದೆ, ಎಡಗೈ ಕಟ್ಟಿದೆ. ದಿನಾ ಬೆಳಿಗ್ಗೆ ನಾನು ಆ ಕೋಣೆಗೆ ಹೋಗಿ, ಆ ಮಾತನ್ನು ಕೇಳಿಸಿಕೊಂಡು, "ಬದಲಾವಣೆ ಇಲ್ಲ" ಎಂದು ಬರೆದು ಹೊರಬರುತ್ತಿದ್ದೆ. ಮುಂದಿನ ಸೋಮವಾರ ಹೊಟ್ಟೆಗೆ ರಂಧ್ರ ಮಾಡಿ ಶಾಶ್ವತ ನಳಿಕೆ ಕೂರಿಸುವುದು, ಆಮೇಲೆ ನರ್ಸಿಂಗ್ ಹೋಮಿಗೆ ಕಳಿಸುವುದು ಎಂದು ನಿರ್ಧಾರವಾಯಿತು. ಲಾಜರೋಸ್ ಕಾಗದಕ್ಕೆ ಸಹಿ ಹಾಕಿ, ಪೆನ್ನನ್ನು ಹಿಂದಿರುಗಿಸುವುದನ್ನು ಮರೆತು ಅದನ್ನೇ ನೋಡುತ್ತ ಕೂತಿದ್ದ.

ದೆಸ್ಪಿನಾರಿಗೆ ಮತ್ತೆ ನಡೆಯಲು ಕಲಿಸುತ್ತಿದ್ದವಳು ಮಹಾದೇವಿ, ವಿಜಯಪುರದ ಕಡೆಯ ಫಿಸಿಯೋಥೆರಪಿಸ್ಟ್. ಎಂಟನೆಯ ದಿನ ಊಟದ ಹೊತ್ತಿನಲ್ಲಿ ಅವಳು ನನ್ನ ಎದುರು ಬಂದು ಕೂತಳು.

"ಶೈಲಕ್ಕಾ, ಆ ಅಜ್ಜಿ ಸುಮ್ಮನ ಬಡಬಡಸಾಕತ್ತಿಲ್ರಿ."

"ಅದು ಹಾಗೇ ಕೇಳಿಸುತ್ತೆ ಮಹಾದೇವಿ. ಜಾರ್ಗನ್ ಅದು."

"ನನಗ ನಿಮ್ಮಷ್ಟು ತಿಳಿಯಂಗಿಲ್ರಿ. ಆದ್ರ ದಿನಾ ಆಕಿನ್ನ ಹಿಡಕೊಂಡು ನಡಸಾಕಿ ನಾನು. ದಿನಾ ಅದ ಮಾತು, ಅದ ಜಾಗಾದಾಗ ನಿಂತು ಉಸುರು ತಗೋತಾರ. ನಿನ್ನೆ ಒಂದು ಕಡೆ ತಪ್ಪಿದ್ರು, ತಲಿ ಅಲ್ಲಾಡಿಸಿ ಮತ್ತ ಮೊದಲಿಂದ ಶುರು ಮಾಡಿದ್ರು. ಅರ್ಥ ಇಲ್ಲದ್ದನ್ನ ಯಾರರ ತಿದ್ದಿಕೋತಾರೇನ್ರಿ?"

ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ಜಾರ್ಗನ್ ಅಫೇಸಿಯಾ ಇರುವವರಿಗೆ ತಾವು ತಪ್ಪಿದ್ದು ಗೊತ್ತೇ ಆಗುವುದಿಲ್ಲ. ಅವರು ತಿದ್ದಿಕೊಳ್ಳುವುದಿಲ್ಲ. ನಾನು ಪ್ರತಿ ವರ್ಷ ಹೊಸಬರಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠಗಳಲ್ಲಿ ಅದೂ ಒಂದು.

ಲಾಜರೋಸನ ಒಪ್ಪಿಗೆ ಕೇಳಿ, ಆ ಮಧ್ಯಾಹ್ನ ಮತ್ತು ಮರುದಿನ ಬೆಳಿಗ್ಗೆ ಅವರ ಮಾತನ್ನು ರೆಕಾರ್ಡ್ ಮಾಡಿ ಎರಡನ್ನೂ ಒಟ್ಟಿಗೆ ಕೇಳಿದೆ. ಸಾಲಿಗೆ ಸಾಲು ಹೊಂದುತ್ತಿತ್ತು. ಆಸ್ಟಿನ್‌ನಲ್ಲಿ ಗ್ರೀಕ್ ಕಲಿಸಿ ನಿವೃತ್ತರಾದ ಪ್ರಾಧ್ಯಾಪಕರೊಬ್ಬರ ಸಂಪರ್ಕ ಪರಿಚಿತರಿಂದ ಸಿಕ್ಕಿತು. ಫೋನಿನಲ್ಲೇ ಕೇಳಿಸಿದೆ. ಅವರು ಅರ್ಧದಲ್ಲೇ ತಡೆದರು.

"ಇದು ಗ್ರೀಕೇ. ಆದ್ರೆ ನನಗೆ ಬರೋ ಗ್ರೀಕ್ ಅಲ್ಲ. ಇವರ ಹಿರಿಯರು ಎಲ್ಲಿಯವರು?"

ಆ ಪ್ರಶ್ನೆಯನ್ನು ನಾನು ಯಾರಿಗೂ ಕೇಳಿರಲಿಲ್ಲ. ಲಾಜರೋಸನಿಗೆ ಫೋನ್ ಮಾಡಿದೆ. ದೆಸ್ಪಿನಾ ಅವರ ಅಜ್ಜಿ ಕಪ್ಪು ಸಮುದ್ರದ ತೀರದವರು. ೧೯೨೩ರಲ್ಲಿ ಗ್ರೀಸ್ ಮತ್ತು ಟರ್ಕಿ ತಮ್ಮ ಜನರನ್ನು ಅದಲು ಬದಲು ಮಾಡಿಕೊಂಡಾಗ ಎಲ್ಲವನ್ನೂ ಬಿಟ್ಟು ಹಡಗು ಹತ್ತಿ ಪಿರೇಯಸ್‌ಗೆ ಬಂದು ಬಿದ್ದವರಲ್ಲಿ ಒಬ್ಬರು. ದೆಸ್ಪಿನಾರ ತಾಯಿ ಕಾರ್ಪೆಟ್ ಕಾರ್ಖಾನೆಗೆ ಹೋಗುತ್ತಿದ್ದರಿಂದ ಮಗುವನ್ನು ಬೆಳೆಸಿದ್ದು ಆ ಅಜ್ಜಿ. ಅವರ ಮನೆಮಾತು ಪೋಂಟಿಕ್ ಗ್ರೀಕ್. ಅಥೆನ್ಸಿನವರಿಗೆ ಅದು ಬಹುಮಟ್ಟಿಗೆ ತಿಳಿಯುವುದಿಲ್ಲ. ಮೈಸೂರಿನವಳಾದ ನನ್ನ ಎದುರು ಹವ್ಯಕರ ಇಬ್ಬರು ಅಜ್ಜಿಯರು ವೇಗವಾಗಿ ಮಾತಾಡಿಕೊಂಡರೆ ನನಗೆ ಆಗುವ ಹಾಗೆ, ಅದಕ್ಕಿಂತಲೂ ಹೆಚ್ಚು. ಪೆಟ್ಟಾದ ಮಿದುಳಿನಲ್ಲಿ ಇಂಗ್ಲಿಷ್ ಹೋಗಿತ್ತು, ಜೀವಮಾನವಿಡೀ ಪಾಠ ಹೇಳಿದ ಶಾಲೆಯ ಗ್ರೀಕ್ ಹೋಗಿತ್ತು, ತೊಡೆಯ ಮೇಲೆ ಕೂತು ಕಲಿತ ಮೊದಲ ಭಾಷೆ ಉಳಿದುಕೊಂಡಿತ್ತು.

"ಅಮ್ಮ ಅದನ್ನ ನನ್ನ ಹತ್ರ ಒಂದು ದಿನಾನೂ ಆಡಲಿಲ್ಲ," ಎಂದ ಲಾಜರೋಸ್. "ಸ್ಕೂಲಲ್ಲಿ ಎಲ್ಲರೂ ನಗ್ತಾರೆ ಅಂತ. ಚಿಕ್ಕವನಿದ್ದಾಗ ಬೀದೀಲಿ ಮುದುಕರು ಆಡೋದು ಕೇಳಿದ್ದೆ, ಅಷ್ಟೇ."

ಪ್ರಾಧ್ಯಾಪಕರು ಹ್ಯೂಸ್ಟನ್‌ನಲ್ಲಿದ್ದ ಪಾರ್ಥೆನಾ ಎಂಬ ಎಂಬತ್ತೊಂದರ ಅಜ್ಜಿಯೊಬ್ಬರನ್ನು ಹುಡುಕಿಕೊಟ್ಟರು. ಅವರದೂ ಅದೇ ಮನೆಮಾತು. ಅಂದೇ ಮಧ್ಯಾಹ್ನ, ಶುಕ್ರವಾರ, ಫೋನನ್ನು ದೆಸ್ಪಿನಾರ ದಿಂಬಿನ ಮೇಲಿಟ್ಟೆ. ಪಾರ್ಥೆನಾ ಏನೋ ಒಂದು ವಾಕ್ಯ ಹೇಳಿದರು. ದೆಸ್ಪಿನಾ ಒಮ್ಮೆಲೇ ಸುಮ್ಮನಾದರು. ಒಂಬತ್ತು ದಿನದಲ್ಲಿ ಅವರು ಸುಮ್ಮನಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಂತರ ಮುಖವೆಲ್ಲ ಮುದುಡಿ, ಗವಸು ತೊಟ್ಟ ಕೈಯನ್ನು ಫೋನಿನ ಕಡೆ ಚಾಚಿ ಮಾತಾಡತೊಡಗಿದರು.

ಪಾರ್ಥೆನಾರ ದನಿ ಇಂಗ್ಲಿಷಿಗೆ ತಿರುಗಿತು. "ಕೈ ಬಿಡಿಸಿ ಅಂತಿದಾಳೆ ಕಣಮ್ಮ. ಬರೀಬೇಕು, ಕೈ ಬಿಡಿಸಿ ಅಂತ. ಅವತ್ತಿಂದ ಹೇಳ್ತಾನೇ ಇದೀನಿ, ಯಾರೂ ಕೇಳಲ್ಲ ಅಂತಿದಾಳೆ. ಯಾಕೆ ಕಟ್ಟಿದೀರಿ ಇವಳ ಕೈ?"

ವೈದ್ಯರನ್ನು ಕರೆಸಿ, ಮಿಟ್ಟನ್ನು ನಾನೇ ಬಿಚ್ಚಿದೆ. ಮಣಿಕಟ್ಟಿನ ಸುತ್ತ ಚರ್ಮ ಕೆಂಪಾಗಿ ಸುಲಿದಿತ್ತು. ಅಂದೇ ಪಾರ್ಥೆನಾರ ಮೂಲಕ ನುಂಗುವ ಪರೀಕ್ಷೆಯನ್ನು ಎಕ್ಸ್‌ರೇ ಯಂತ್ರದ ಮುಂದೆ ಮತ್ತೆ ಮಾಡಿದೆ. ಹೇಳಿದಾಗ ಬಾಯಿ ತೆರೆದರು, ಹೇಳಿದಾಗ ನುಂಗಿದರು. ನುಣ್ಣಗೆ ರುಬ್ಬಿದ ಆಹಾರ ಸರಾಗವಾಗಿ ಇಳಿಯಿತು. ಮೂಗಿನ ನಳಿಕೆ ತೆಗೆದರು, ಸೋಮವಾರದ ಶಸ್ತ್ರಚಿಕಿತ್ಸೆ ರದ್ದಾಯಿತು. ನನ್ನ ಹಳೆಯ ವರದಿ ತಪ್ಪು ಎಂದು ಹೊಸದನ್ನು ಬರೆದು, ಲಾಜರೋಸನನ್ನು ಕೂರಿಸಿಕೊಂಡು, "ನೀವು ಮೊದಲ ದಿನವೇ ಹೇಳಿದ್ರಿ. ನಾನು ಕೇಳಿಸಿಕೊಳ್ಳಲಿಲ್ಲ," ಎಂದೆ. ಅವನು ನನ್ನನ್ನು ಬಯ್ಯಲಿಲ್ಲ. "ನಾನೂ ಇನ್ನೊಂದು ಸಲ ಹೇಳಲಿಲ್ಲವಲ್ಲ," ಎಂದಷ್ಟೇ ಹೇಳಿದ. ಬಯ್ದಿದ್ದರೆ ಚೆನ್ನಾಗಿತ್ತು.

ಭಾನುವಾರ ಪಾರ್ಥೆನಾರನ್ನು ಅವರ ಅಳಿಯ ಹ್ಯೂಸ್ಟನ್‌ನಿಂದ ನಾಲ್ಕು ಗಂಟೆ ಡ್ರೈವ್ ಮಾಡಿ ಕರೆತಂದ. ಅವರು ಒಂದು ವಾರ ಲಾಜರೋಸನ ಮನೆಯಲ್ಲೇ ಉಳಿದು ದಿನಾ ಮಧ್ಯಾಹ್ನ ಬಂದರು. ಆಗ ಎಲ್ಲ ಬಿಡಿಸಿಕೊಂಡಿತು.

ಬಿಕ್ಕಟ್ಟಿನ ವರ್ಷಗಳಲ್ಲಿ ದೆಸ್ಪಿನಾರ ಪಿಂಚಣಿ ಕಡಿತವಾಯಿತು, ಅವರು ಪಾಠ ಹೇಳಿದ ಶಾಲೆಯನ್ನೇ ಮುಚ್ಚಿದರು. ನಿರಾಶ್ರಿತರ ಹಳೇ ಬಡಾವಣೆಯ ಚರ್ಚಿನ ಹಾಲಿನಲ್ಲಿ ಸೂಪು, ಬ್ರೆಡ್ಡು ಹಂಚುತ್ತಿದ್ದರು. ದೆಸ್ಪಿನಾ ಅಲ್ಲಿ ಬಡಿಸಲು ಹೋಗುತ್ತಿದ್ದರು. ಸಾಲಿನಲ್ಲಿ ನಿಂತವರು ತಲೆ ಎತ್ತುತ್ತಿರಲಿಲ್ಲ. ಅಂಗಡಿ ಇಟ್ಟಿದ್ದವರು, ದೆಸ್ಪಿನಾರೇ ಪಾಠ ಹೇಳಿದ ಮಕ್ಕಳ ತಂದೆತಾಯಿಗಳು. ಪುಕ್ಕಟೆ ತಿನ್ನುತ್ತಿದ್ದೇವೆ ಎಂಬ ನಾಚಿಕೆ ಅವರಿಗೆ ಬೇಡವೆಂದು ದೆಸ್ಪಿನಾ ಒಂದು ನೋಟ್‌ಬುಕ್ ಹಿಡಿದು ಕೂತರು. ಉಂಡವರು ತಮ್ಮ ಮನೆಯ ಹಿರಿಯರಿಂದ ಕೇಳಿದ ಒಂದು ಕಥೆಯನ್ನೋ ಹಾಡನ್ನೋ ಕೊಟ್ಟು ಹೋಗಬೇಕು. ಕ್ರಮೇಣ ಜನ ಸೂಪಿಗಿಂತ ಮೊದಲು ಅವರ ಮೇಜಿನ ಬಳಿ ಬಂದು ನಿಲ್ಲತೊಡಗಿದರಂತೆ. ಸೂಟ್‌ಕೇಸಿನಲ್ಲಿದ್ದದ್ದು ಆ ನೋಟ್‌ಬುಕ್ಕುಗಳು.

ಒಂದು ಕಥೆ ಮಾತ್ರ ಬರೆದಿರಲಿಲ್ಲ. ತೊಂಬತ್ತು ದಾಟಿದ ಯೋರ್ದಾನಿಸ್ ಎಂಬ ಮುದುಕ, "ನಾನು ಸತ್ತ ಮೇಲೆ ಬರಿ," ಎಂದು ಮಾತು ತೆಗೆದುಕೊಂಡು ಅದೇ ಪೋಂಟಿಕ್ ಮಾತಿನಲ್ಲಿ ಹೇಳಿದ ಕಥೆ. ಅವನು ಸತ್ತ ಸುದ್ದಿ ಸ್ಟ್ರೋಕಿಗೆ ನಾಲ್ಕೇ ದಿನ ಮೊದಲು ಯೂಲೆಸ್‌ಗೆ ಮುಟ್ಟಿತ್ತು. ಬರೆಯುವ ಕೈ ಹೋಯಿತು, ಉಳಿದ ಕೈಯನ್ನು ನಾವು ಕಟ್ಟಿದೆವು. ಮರೆತುಹೋಗದಿರಲೆಂದು ಅವರು ಅದನ್ನೇ ದಿನವಿಡೀ ಬಾಯಿಪಾಠ ಹೇಳಿಕೊಳ್ಳುತ್ತಿದ್ದರು. ನಾನು ಅರ್ಥಹೀನ ಎಂದು ಬರೆದದ್ದು ಅದನ್ನು.

ಬಿಡಿಸಿದ ಎಡಗೈಯಲ್ಲಿ ಅಕ್ಷರ ಕೂಡಿಬರಲಿಲ್ಲ. ನಾಲ್ಕು ಮಧ್ಯಾಹ್ನ ದೆಸ್ಪಿನಾ ತುಂಡು ತುಂಡಾಗಿ ಹೇಳಿದರು, ಪಾರ್ಥೆನಾ ವಿವರಿಸಿದರು, ಲಾಜರೋಸ್ ಬರೆದುಕೊಂಡ. ಯೋರ್ದಾನಿಸ್ ನಾಲ್ಕು ವರ್ಷದವನಿದ್ದಾಗ ತಾಯಿಯ ಜೊತೆ ಹಡಗಿನಲ್ಲಿ ಬಂದ. ಅಣ್ಣಂದಿರಿಬ್ಬರು ದಾರಿಯಲ್ಲಿ ಜ್ವರದಿಂದ ಸತ್ತರು, ಸಮುದ್ರಕ್ಕೆ ಹಾಕಿದರು. ಇಳಿದಾಗ ಹೆಸರು ಬರೆದುಕೊಳ್ಳುವವನಿಗೆ ತಾಯಿ ಮೂವರು ಮಕ್ಕಳ ಹೆಸರನ್ನೂ ಹೇಳಿದಳು. ಬ್ರೆಡ್ಡು ಹಂಚುವಾಗ ಮೂರು ಹೆಸರು ಕೂಗುತ್ತಿದ್ದರು. ಯೋರ್ದಾನಿಸ್ ಒಮ್ಮೆ ಟೋಪಿ ಹಾಕಿಕೊಂಡು, ಒಮ್ಮೆ ತೆಗೆದು, ಒಮ್ಮೆ ತಾಯಿಯ ಶಾಲು ಹೊದ್ದು ಮೂರು ಸಲ ಹೋಗಿ "ಇದ್ದೀನಿ" ಎನ್ನುತ್ತಿದ್ದ. ಸತ್ತವರ ಪಾಲು ತಿಂದು ಬೆಳೆದ. ತೊಂಬತ್ತು ವರ್ಷದ ಮೇಲೆ ಸೂಪಿನ ಸಾಲಿನಲ್ಲೂ ಹೆಸರು ಕೇಳಿ ಗಟ್ಟಿಯಾಗಿ ಕೂಗಿ ಕರೆಯುತ್ತಿದ್ದರು; ಅವನು ಒಂದು ದಿನ ತನ್ನ ಹೆಸರು, ಮರುದಿನ ಇನ್ನೊಂದು, ಮೂರನೆಯ ದಿನ ಮತ್ತೊಂದು ಹೇಳುತ್ತಿದ್ದ. ಮುಪ್ಪಿನ ಮರೆವು ಎಂದುಕೊಂಡು ದೆಸ್ಪಿನಾ ವಿಚಾರಿಸಿದಾಗ ಅವನು ಹೇಳಿದ್ದು ಇದು:

"ಹೊಟ್ಟೆಗಲ್ಲಮ್ಮ. ಆ ಹೆಸರುಗಳನ್ನ ಗಟ್ಟಿಯಾಗಿ ಕೂಗೋರು ಈ ಭೂಮಿ ಮೇಲೆ ಬೇರೆ ಯಾರೂ ಉಳಿದಿಲ್ಲ."

ಕಥೆ ಗುರುವಾರ ಮುಗಿಯಿತು. ಆ ಅಣ್ಣಂದಿರಿಬ್ಬರ ಹೆಸರುಗಳು ಮಾತ್ರ ಬರಲಿಲ್ಲ; ನನ್ನ ರೆಕಾರ್ಡಿಂಗಿನಲ್ಲೂ ಅವು ಇರಲಿಲ್ಲ. ಅಫೇಸಿಯಾದಲ್ಲಿ ಮೊದಲು ಹೋಗುವುದೂ ಕಡೆಗೆ ಮರಳುವುದೂ ವ್ಯಕ್ತಿಗಳ ಹೆಸರೇ. ಪಾರ್ಥೆನಾ ಆ ಕಡೆಯ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಹೋದರು. ದೆಸ್ಪಿನಾ ಪ್ರತಿಯೊಂದಕ್ಕೂ ತಲೆ ಅಲ್ಲಾಡಿಸಿದರು. ನಾಳೆ ಮತ್ತೆ ನೋಡೋಣ ಎಂದು ಎದ್ದೆವು. ಶುಕ್ರವಾರ ಬೆಳಿಗ್ಗೆ ಎರಡನೆಯ ಸ್ಟ್ರೋಕ್ ಆಯಿತು. ಭಾನುವಾರ ಅವರು ತೀರಿಕೊಂಡರು.

ಶವಸಂಸ್ಕಾರದ ದಿನ ಲಾಜರೋಸ್ ನೋಟ್‌ಬುಕ್ ತಂದು ತೋರಿಸಿದ. ಹೆಸರು ಬರಬೇಕಾದಲ್ಲೆಲ್ಲ ಖಾಲಿ ಜಾಗ ಬಿಟ್ಟಿದ್ದ. "ಯಾವುದಾದ್ರೂ ಎರಡು ಹೆಸರು ಹಾಕಲಾ?" ಎಂದು ಅವನು ಪಾರ್ಥೆನಾರನ್ನು ಕೇಳಿದ.

"ಬೇಡ ಮಗಾ," ಎಂದರು ಅವರು. "ಇನ್ಯಾರನ್ನೋ ಅಲ್ಲಿ ನಿಲ್ಲಿಸಬೇಡ."

ನಾನು ಕೆಲಸದಿಂದ ನಿವೃತ್ತಳಾಗಿ ಎರಡು ವರ್ಷವಾಯಿತು. ದೆಸ್ಪಿನಾ ತೀರಿಕೊಂಡ ತಿಂಗಳಲ್ಲೇ ನಮ್ಮ ವಿಭಾಗದ ಮೊದಲ ದಿನದ ಫಾರಂಗೆ ಒಂದು ಪ್ರಶ್ನೆ ಸೇರಿಸಿದೆವು: ಬಾಲ್ಯದಲ್ಲಿ ಇವರನ್ನು ಎತ್ತಿ ಆಡಿಸಿದವರು ಯಾವ ಮಾತು ಆಡುತ್ತಿದ್ದರು? ಆಮೇಲೆ ನಾನು ಯಾರ ಮಾತನ್ನೂ ಅರ್ಥಹೀನ ಎಂದು ಬರೆಯಲಿಲ್ಲ. ನನಗೆ ಅರ್ಥವಾಗಲಿಲ್ಲ ಎಂದು ಬರೆದೆ. ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಮತ್ತು ಇಷ್ಟನ್ನು ಕಲಿಯಲು ಒಬ್ಬರ ಕೈ ಒಂಬತ್ತು ದಿನ ಕಟ್ಟಿರಬೇಕಾಯಿತು. ಆ ಒಂಬತ್ತು ದಿನ ಅವರಿಗೆ ಸಿಕ್ಕಿದ್ದರೆ ಆ ಎರಡು ಹೆಸರು ನೆನಪಾಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆಗುತ್ತಿತ್ತು ಎಂದೇ ಸುಮಾರು ಮೂವತ್ತು ವರ್ಷದ ನನ್ನ ಅನುಭವ ಹೇಳುತ್ತದೆ.