ಬೋಲ್ಟಿನ ಮೇಲಿನ ಹೊಸ ನಂಬರು

ಆಗ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ನವರಾತ್ರಿ ಬಂದದ್ದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದುದು ನಮ್ಮ ಮನೆಗೆ. ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಇಡಬೇಕೆಂದು ಸುತ್ತಲಿನ ಹಳ್ಳಿಯವರು ಲೈಸೆನ್ಸಿನ ಬಂದೂಕುಗಳನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು ಕಾಕಾನ ಹತ್ತಿರ ತರುತ್ತಿದ್ದರು. ಅಪ್ಪನ ತಮ್ಮನಾದ ಕಾಕಾ ಪಲ್ಟನ್ನಿನಲ್ಲಿ ಬಂದೂಕು ರಿಪೇರಿ ಮಾಡಿ ರಿಟೈರಾಗಿ ಬಂದವನು. ಪಡಸಾಲೆಯೇ ಅವನ ಅಂಗಡಿ. ಮರಕ್ಕೆ ತಿಕ್ಕುವ ಅಗಸಿ ಎಣ್ಣೆಯ ವಾಸನೆ ಅವನ ಹೆಂಡತಿ ಕಾಕು ಬಡಿಸಿದ ರೊಟ್ಟಿಗೂ ಹತ್ತಿರುತ್ತಿತ್ತು.

ಬಂದವುಗಳಲ್ಲಿ ಹೆಚ್ಚಿನವು ಮಿಲಿಟರಿಯವರು ಹಳೆಯವೆಂದು ಹೊರಹಾಕಿದವು. ಯಾರೋ ಮುಂದಿನ ಮರ ಕೊಯ್ದು, ನಳಿಗೆ ಕತ್ತರಿಸಿ ಬೇಟೆಯ ಬಂದೂಕು ಮಾಡಿರುತ್ತಿದ್ದರು. ನನಗೆ ಒಂಬತ್ತು ವರ್ಷ. ಹೀಗೆ ಬದಲಿಸಿದ್ದನ್ನು ಪತ್ತೆ ಮಾಡಿ ಬಂದೂಕಿನ ಸುಳ್ಳು ಹಿಡಿಯುವುದು ಕಾಕಾನ ಮತ್ತು ನನ್ನ ಆಟ.

"ಗಿರಿಜಾ, ಇದು ಏನ್ ಸುಳ್ಳು ಹೇಳಾಕತ್ತೈತಿ ನೋಡು" ಅನ್ನುತ್ತಿದ್ದ.

ಹಿಂದಿನ ಮರದಲ್ಲಿ ಪಲ್ಟನ್ನಿನ ಹಿತ್ತಾಳೆ ಬಿಲ್ಲೆ ಕಿತ್ತು ತೂತು ಮುಚ್ಚಿದ್ದನ್ನು ನಾನು ಬೆರಳಾಡಿಸಿಯೇ ಹೇಳುತ್ತಿದ್ದೆ. ಒಂದು ಸುಳ್ಳು ಹಿಡಿದರೆ ಒಂದು ಪೊಟ್ಟಣ ಚುರುಮುರಿ ಗಿರ್ಮಿಟ್. ಒಂದು ಮಾತನ್ನು ಮಾತ್ರ ಕಾಕಾ ನಗದೆ ಹೇಳಿಕೊಟ್ಟಿದ್ದ.

"ನಳಗಿ ಹಿಂದಿನ ಬಾಯಿ ಮುಚ್ಚೂ ಈ ಬೋಲ್ಟು ಆಯಾ ಬಂದೂಕಿನ ಅಳತೀದು. ಎರಡರ ಮ್ಯಾಲೂ ಒಂದ ನಂಬರು ಇರಬೇಕು. ಬ್ಯಾರೇದು ಹಾಕಿದ್ರ ಹೊಡದಾವನ ಮಾರಿಗೇ ಸಿಡೀಬಹುದು."

ಆ ವರ್ಷ ಸುಳ್ಳ ಎಂಬ ಹಳ್ಳಿಯ ಗೌಡರ ಬಂದೂಕು ಬಂತು. ಮರ ಕೊಯ್ದಿದ್ದರೂ ಬೋಲ್ಟು ಅದರದೇ. ನಾನೇ ನೋಡಿ ಹೇಳಿದ್ದೆ. ಗೌಡರು ಒಯ್ಯಲು ಬಂದ ದಿನ ನನ್ನನ್ನು ಹತ್ತಿರ ಕರೆದು ಕೇಳಿದರು: "ಏನವಾ ಇನ್ಸ್‌ಪೆಕ್ಟರ್, ನಂದು ಖರೇ ಐತೇನು?"

ಬಾಗಿ ನೋಡಿದೆ. ಬೋಲ್ಟಿನ ಮೇಲೆ ಅದೇ ನಂಬರಿತ್ತು. ಆದರೆ ಅದರ ಸುತ್ತ ಕಬ್ಬಿಣ ಅರದಿಂದ ಉಜ್ಜಿ ತಗ್ಗಾಗಿತ್ತು, ಅಂಕಿಗಳ ಅಂಚು ಹೊಸದಾಗಿ ಹೊಳೆಯುತ್ತಿತ್ತು. ಗೌಡರು ಹಂದಿ ಹೊಡೆಯಲು ಹೋಗಿ ಬೋಲ್ಟು ಅವರ ಮುಖಕ್ಕೆ ಸಿಡಿದಂತೆ ಕಣ್ಣ ಮುಂದೆ ಬಂತು. ಹೆದರಿ ಹೇಳಿಬಿಟ್ಟೆ: "ಬೋಲ್ಟು ಬ್ಯಾರೆ ಐತ್ರಿ. ನಂಬರು ಈಗ ಒತ್ಯಾರ."

ಕಾಕಾ ನಕ್ಕ. "ಹುಡುಗರ ಮಾತು ಹಿಡೀಬ್ಯಾಡ್ರಿ ಗೌಡ್ರ. ಗಿರ್ಮಿಟ್ ಆಸೇಕ್ಕ ಇಲ್ಲದ ಸುಳ್ಳೂ ಹುಡುಕತೈತಿ ಇದು."

ಗೌಡರೂ ನಕ್ಕರು. ನನ್ನ ಕೆನ್ನೆ ಚಿವುಟಿ ಬಂದೂಕು ಎತ್ತಿಕೊಂಡು ಹೋದರು.

ಮೂಲೆಯಲ್ಲಿ ಒಬ್ಬ ಸಾವಕಾರರ ಬಂದೂಕು ನಿಂತಿತ್ತು. ಅದರ ಬೋಲ್ಟು ಸವೆದಿದೆ ಎಂದು ಹಿಂದಿನ ವಾರ ಕಾಕಾನೇ ನನಗೆ ತೋರಿಸಿದ್ದ. ಹೋಗಿ ನೋಡಿದೆ. ಹಳೆಯ ನಂಬರು ಇನ್ನೂ ಅಳಿಸದ ಗೌಡರ ಬೋಲ್ಟು ಅದರಲ್ಲಿ ಕೂತಿತ್ತು.

"ಕಾಕಾ, ನೀನ ಹೇಳಿದ್ದಿ, ಮಾರಿಗೆ ಸಿಡೀತೈತಿ ಅಂತ."

"ಅವರು ಪೂಜಿಗಷ್ಟ ಇಡ್ತಾರ. ದೊಡ್ಡವರ ನಡುವ ಬಾಯಿ ಹಾಕಬಾರದು" ಎಂದು ನನ್ನ ಕಡೆ ನೋಡದೆ ಅಂದ.

ಅಪ್ಪನಿಗೆ ಹೇಳಿದೆ. ನನ್ನ ಆಟದ ಸಂಗತಿ ಅವನಿಗೂ ಗೊತ್ತಿತ್ತಲ್ಲ, ಅವನೂ ನಕ್ಕ. ಆ ಚಳಿಗಾಲವೆಲ್ಲ ಸುಳ್ಳದಿಂದ ಯಾರೇ ಬರಲಿ, ಗೌಡರು ಹೇಗಿದ್ದಾರೆಂದು ಕೇಳುತ್ತಿದ್ದೆ. ಅವರಿಗೆ ಏನೂ ಆಗಲಿಲ್ಲ. ಅದು ಅವರ ಪುಣ್ಯ, ಕಾಕಾನ ಒಳ್ಳೆಯತನವಲ್ಲ. ಮುಂದಿನ ನವರಾತ್ರಿಗೆ ಕಾಕಾ ಕರೆದಾಗ ಓದುವುದಿದೆ ಎಂದು ಎದ್ದು ಹೋದೆ. ಅವನು ಮತ್ತೆ ಕರೆಯಲಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡ. ಮನೆಯವರೆಲ್ಲ ಅತ್ತರು. ಅವನ ಮುದ್ದಿನ ಹುಡುಗಿಗೆ ಕಣ್ಣೀರೇ ಬರಲಿಲ್ಲವೆಂದು ಕಾಕು ಇವತ್ತಿಗೂ ಬೇಜಾರು ಮಾಡಿಕೊಳ್ಳುತ್ತಾಳೆ. ನಾನು ಅವನನ್ನು ಕಳೆದುಕೊಂಡು ಮೂವತ್ತು ವರ್ಷವಾಯಿತೆಂದು ಅವಳಿಗೆ ಹೇಗೆ ಹೇಳಲಿ?