ಬಟನ್ ಮೇಲೇಳುವವರೆಗೆ

ಪುಣೆಯ ಮಗರಪಟ್ಟಾದ ಆಫೀಸಿನಲ್ಲಿ ನನಗೆ ಸಂಬಳ ಕೊಡುವುದು ಬಟನ್‌ಗಳಿಗೆ ಜೀವ ತುಂಬುವುದಕ್ಕೆ. ಮೊಬೈಲಿನ ಪರದೆಯ ಮೇಲೆ ಬೆರಳಿಟ್ಟಾಗ ಬಟನ್ ತುಸು ಕುಗ್ಗಬೇಕು, ಬಣ್ಣ ಗಾಢವಾಗಬೇಕು, ಬೆರಳೆತ್ತಿದ ಕೂಡಲೇ ಮೆತ್ತಗೆ ಮೇಲೇಳಬೇಕು. ಇಷ್ಟಕ್ಕೆ ದೊಡ್ಡವರೆಲ್ಲ ಏಸಿ ಕೋಣೆಯಲ್ಲಿ ಕೂತು ವಾದ ಮಾಡುತ್ತಾರೆ, ನಾನೂ ಮಾಡುತ್ತೇನೆ. ನಗುವವರು ನಗಬಹುದು.

ಮನೆಯ ಕಸುಬು ಬೇರೆ. ಉಡುಪಿ ಕಡೆಯಿಂದ ಬಂದ ಅಪ್ಪಯ್ಯ ದೇಹೂ ರೋಡಿನಲ್ಲಿ ಇಡ್ಲಿ-ದೋಸೆಯ ಹೋಟೆಲು ಹಾಕಿದರು. ಈಗ ಅದನ್ನು ನಡೆಸುವುದು ಅಣ್ಣ. ಅಪ್ಪಯ್ಯ ಗಲ್ಲಾದಲ್ಲಿ ಕೂತು, ಗಿರಾಕಿ ಹೇಳಿದ್ದನ್ನು ಹಿಂದಿನ ಅಡುಗೆಮನೆಗೆ ಕೂಗುತ್ತಿದ್ದರು. "ಎರಡು ಮಸಾಲೆ" ಎಂದು ಇಲ್ಲಿಂದ ಕೂಗಿದರೆ ಒಳಗಿನಿಂದ ಅಡುಗೆಯ ಭಟ್ಟರು "ಆಯ್ತು" ಎನ್ನಬೇಕು. ಎನ್ನದಿದ್ದರೆ ಮತ್ತೆ ಕೂಗಬೇಕು. ಯಾರೂ ಬರೆದಿಟ್ಟ ನಿಯಮವಲ್ಲ, ಆದರೆ ನಮ್ಮ ಹೋಟೆಲು ಈ ಒಂದು ಮಾತಿನ ಮೇಲೆಯೇ ನಡೆದಿದೆ.

ಅಪ್ಪಯ್ಯನ ಕಿವಿ ಮಂದವಾದದ್ದು ನಮಗೆ ತಿಳಿದದ್ದು ದೋಸೆಯಿಂದ. ಒಳಗಿನ ಉತ್ತರ ಕೇಳಿಸದೆ ಅವರು ಮತ್ತೆ ಮತ್ತೆ ಕೂಗುವುದು, ಭಟ್ಟರು ಮತ್ತೆ ಮತ್ತೆ ಹೊಯ್ಯುವುದು. ಕಿವಿಗೆ ಮಿಷನ್ ತಂದುಕೊಟ್ಟರೆ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಕೊನೆಗೆ ಅಣ್ಣನ ತಾಳ್ಮೆ ಮುಗಿಯಿತು. "ಸೋಮವಾರದಿಂದ ಗಲ್ಲಾದಲ್ಲಿ ಬೇರೆಯವ ಕೂರ್ತಾನೆ. ಅಪ್ಪಯ್ಯ ಮನೆಯಲ್ಲಿ ಆರಾಮ ಇರಲಿ" ಎಂದ. ಅಪ್ಪಯ್ಯ ಎದುರಿಗೇ ಕೂತು ಉಣ್ಣುತ್ತಿದ್ದರು. ಹೇಗೂ ಕೇಳುವುದಿಲ್ಲವಲ್ಲ ಎಂದು ನಾವು ದನಿಯನ್ನೂ ತಗ್ಗಿಸಿರಲಿಲ್ಲ.

ಹೋಟೆಲಿಗೆ ಹೋಗುವುದೊಂದೇ ಗೊತ್ತಿರುವ ಮನುಷ್ಯನಿಗೆ ಮನೆಯಲ್ಲಿ ಎಂಥ ಆರಾಮ? ಅದನ್ನು ಬಾಯಿಬಿಟ್ಟು ಕೇಳದೆ, ಸೋಮವಾರದವರೆಗೆ ನನಗೆ ಸಮಯ ಕೊಡು ಎಂದು ಅಣ್ಣನಿಗೆ ಹೇಳಿದೆ. ಗಲ್ಲಾದಲ್ಲಿ ಒಂದು ಟ್ಯಾಬ್ ಇಟ್ಟೆ, ಒಲೆಯ ಪಕ್ಕ ಇನ್ನೊಂದು. ತಿಂಡಿ ಆರಿಸಿ, ಕೆಳಗಿನ ದೊಡ್ಡ "ಕಳಿಸು" ಬಟನ್ ಒತ್ತಿದರೆ ಒಳಗೆ ಕಾಣುತ್ತದೆ. ಆ ಬಟನ್‌ಗೆ ನನ್ನ ವಿದ್ಯೆಯನ್ನೆಲ್ಲ ಸುರಿದಿದ್ದೆ. ಒತ್ತಿದರೆ ತಗ್ಗುತ್ತಿತ್ತು, ಬಿಟ್ಟರೆ ಪುಟಿಯುತ್ತಿತ್ತು.

ಅಪ್ಪಯ್ಯ ಒತ್ತಿದರು. ಮತ್ತೆ ಒತ್ತಿದರು. ಇನ್ನೂ ಒಮ್ಮೆ ಒತ್ತಿದರು. ಒಳಗೆ ದೋಸೆಯ ರಾಶಿ ಬಿತ್ತು.

"ಇದಕ್ಕಿಂತ ಕೂಗಾಟವೇ ವಾಸಿ ಇತ್ತು ಮಾರಾಯ್ತಿ" ಎಂದ ಅಣ್ಣ.

ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನಾಗಬಹುದಿತ್ತು. ನನಗೆ ಸಿಟ್ಟು ಬಂತು, ಅದೂ ಅಪ್ಪಯ್ಯನ ಮೇಲೆ. ಅಷ್ಟು ಚಂದ ಪುಟಿಯುವ ಬಟನ್ ಕಣ್ಣಿಗೆ ಕಾಣುವುದಿಲ್ಲವೇ ಎಂದು ಪಕ್ಕದಲ್ಲೇ ನಿಂತು ನೋಡಿದೆ. ಒತ್ತಿದ ಮೇಲೆ ಅವರು ಪರದೆಯನ್ನು ನೋಡುತ್ತಲೇ ಇರಲಿಲ್ಲ. ಕತ್ತು ಅಡುಗೆಮನೆಯ ಕಡೆ ಓರೆಯಾಗುತ್ತಿತ್ತು. ತುಸು ಕಾಯುತ್ತಿದ್ದರು, ಆಮೇಲೆ ಮತ್ತೆ ಒತ್ತುತ್ತಿದ್ದರು. ಒಳಗಿನ "ಆಯ್ತು" ಇನ್ನೂ ಬಂದಿರಲಿಲ್ಲ. ಭಟ್ಟರು ತಲೆ ಎತ್ತುವ ಮೊದಲೇ ನನ್ನ ಬಟನ್ ಕುಣಿದು ಮುಗಿಸಿತ್ತು.

ಅದನ್ನು ಬದಲಿಸಿದೆ. ಈಗ ಒತ್ತಿದ ಬಟನ್ ತಗ್ಗಿಯೇ ಇರುತ್ತದೆ. ಒಳಗೆ ಭಟ್ಟರು ತಮ್ಮ ಪರದೆ ಮುಟ್ಟಿದಾಗ ಮಾತ್ರ ನಿಧಾನಕ್ಕೆ ಮೇಲೇಳುತ್ತದೆ. ಆಫೀಸಿನಲ್ಲಿ ತೋರಿಸಿದ್ದರೆ ಬಟನ್ ಸಿಕ್ಕಿಹಾಕಿಕೊಂಡಿದೆ ಎನ್ನುತ್ತಿದ್ದರು. ಭಟ್ಟರಿಗೆ ಅಭ್ಯಾಸಬಲ, ಬೆರಳಿಟ್ಟಾಗಲೆಲ್ಲ ಬಾಯಲ್ಲೂ "ಆಯ್ತು" ಎನ್ನುತ್ತಿದ್ದರು.

ಭಾನುವಾರ ಮಿಲಿಟರಿ ಕ್ವಾರ್ಟರ್ಸಿನವರೆಲ್ಲ ಮಕ್ಕಳುಮರಿ ಕಟ್ಟಿಕೊಂಡು ಬಂದರು. "ಕಾಕಾ, ದೋನ್ ಮಸಾಲಾ" ಎಂದು ಮರಾಠಿಯಲ್ಲಿ ಎರಡು ದೋಸೆ ಕೇಳಿದವರ ತುಟಿ ನೋಡಿಯೇ ಅಪ್ಪಯ್ಯನಿಗೆ ತಿಳಿಯುತ್ತಿತ್ತು. ಒತ್ತುವುದು, ಬಟನ್ ಏಳುವವರೆಗೆ ಕಾಯುವುದು, ತಲೆಯಾಡಿಸಿ ಮುಂದಿನವರ ಕಡೆ ತಿರುಗುವುದು. ಒಂದು ದೋಸೆಯೂ ಹೆಚ್ಚು ಬೀಳಲಿಲ್ಲ.

ಮಧ್ಯಾಹ್ನ ಶಟರ್ ಅರ್ಧ ಇಳಿಸಿದ ಮೇಲೆ ಅಪ್ಪಯ್ಯ ಟ್ಯಾಬನ್ನು ಬಟ್ಟೆಯಿಂದ ಒರೆಸುತ್ತ ಹೇಳಿದರು: "ಲಾಯ್ಕ್ ಉಂಟು. ನಾಳೆ ಬರುವವನಿಗೆ ಕಷ್ಟ ಆಗುವುದಿಲ್ಲ. ನಾನೇ ಹೇಳಿಕೊಡ್ತೇನೆ."

ಊಟದ ಹೊತ್ತು ನಾವಾಡಿದ್ದನ್ನು ಅವರು ತುಟಿಯಿಂದಲೇ ತಿಳಿದುಕೊಂಡು, ಅಷ್ಟೂ ದಿನ ಏನೂ ಗೊತ್ತಿಲ್ಲದವರಂತೆ ಗಲ್ಲಾದಲ್ಲಿ ಕೂತಿದ್ದರು. ನಾನು ಬಟನ್ ಮಾಡಿದ್ದು ಹೊಸಬನಿಗೆಂದೇ ಅವರ ಲೆಕ್ಕ. ನನಗೆ ನಾಚಿಕೆಯಾಯಿತು.

"ಯಾರೂ ಬರುವುದಿಲ್ಲ" ಎಂದ ಅಣ್ಣ, ಬೆನ್ನು ಹಾಕಿ ಕುರ್ಚಿಗಳನ್ನು ಎತ್ತಿಡುತ್ತ.

ಅಪ್ಪಯ್ಯ ನನ್ನ ಮುಖ ನೋಡಿದರು. "ಎಂತ ಅಂದ?"

ಬೇರೆ ದಿನವಾಗಿದ್ದರೆ ಅಣ್ಣ "ಎಂತ ಇಲ್ಲ" ಎಂದು ಕೈಯಾಡಿಸಿಬಿಡುತ್ತಿದ್ದ. ಅಂದು ಕುರ್ಚಿ ಬಿಟ್ಟು ಗಲ್ಲಾ ಸುತ್ತಿ ಬಂದ. ಅಪ್ಪಯ್ಯನ ಹೆಗಲ ಮೇಲೆ ಕೈಯಿಟ್ಟು, ಮುಖಕ್ಕೆ ಮುಖ ಬರುವಂತೆ ಬಗ್ಗಿದ.

"ಯಾರೂ ಬರುವುದಿಲ್ಲ ಅಪ್ಪಯ್ಯ. ಇಲ್ಲಿ ನೀವೇ ಕೂರಬೇಕು."

ಅಪ್ಪಯ್ಯ ಅವನ ಬಾಯಿಯನ್ನೇ ನೋಡುತ್ತಿದ್ದರು. ಮಾತು ಮುಗಿದ ಮೇಲೆ, ಅಡುಗೆಮನೆಗೂ ಕೇಳುವಷ್ಟು ಜೋರಾಗಿ ಹೇಳಿದರು.

"ಆಯ್ತು."